ಕಲ್ಲುಭೂಮಿಯ ತೋಟದಲ್ಲಿ ಮೂವತ್ತಾರು ವರ್ಷ

ಮೊಬೈಲಿನಲ್ಲಿ ಇರುವೆಯ ಫೋಟೊ ತೆಗೆಯಲು ಹೋದವರಿಗೆಲ್ಲ ಆಗುವ ಅನುಭವ ಒಂದೇ. ಹತ್ತಿರ ಹೋದಷ್ಟೂ ಫೋಕಸ್ ತಪ್ಪುತ್ತದೆ. ತಲೆ ಸ್ಪಷ್ಟವಾಗಿ ಬಂದರೆ ಹೊಟ್ಟೆ ಮಸುಕಾಗುತ್ತದೆ. ನಮ್ಮದೇ ನೆರಳು ಬಿದ್ದು ಚಿತ್ರ ಕಪ್ಪಾಗುತ್ತದೆ. ಎಲ್ಲ ಸರಿಮಾಡಿಕೊಳ್ಳುವಷ್ಟರಲ್ಲಿ ಇರುವೆ ಹೋಗಿಯೇ ಬಿಟ್ಟಿರುತ್ತದೆ. ಕೀಟವನ್ನು ಅದರ ನಿಜ ಗಾತ್ರದಷ್ಟು ಅಥವಾ ಅದಕ್ಕಿಂತ ದೊಡ್ಡದಾಗಿ ಚಿತ್ರದಲ್ಲಿ ಹಿಡಿಯುವುದಕ್ಕೆ ಮ್ಯಾಕ್ರೊ ಛಾಯಾಗ್ರಹಣ ಎನ್ನುತ್ತಾರೆ. ಅದಕ್ಕೆ ಒಳ್ಳೆಯ ಲೆನ್ಸ್ ಬೇಕು, ನಿಜ. ಆದರೆ ಹುಳು ಎಷ್ಟು ಹೊತ್ತಿಗೆ, ಯಾವ ಗಿಡಕ್ಕೆ, ಯಾಕೆ ಬರುತ್ತದೆ ಎಂದು ಗೊತ್ತಿಲ್ಲದವನ ಕೈಯಲ್ಲಿ ಎಂಥ ಲೆನ್ಸೂ ಸುಮ್ಮನೆ ಕೂರುತ್ತದೆ. ಅದನ್ನು ತಿಳಿಯಲು ಇಡೀ ಬದುಕನ್ನೇ ಕೊಟ್ಟ ಒಬ್ಬ ಬಡ ಮೇಷ್ಟ್ರು ಫ್ರಾನ್ಸಿನಲ್ಲಿದ್ದರು. ಅವರ ಹೆಸರು ಝಾನ್ ಆನ್ರಿ ಫಾಬ್ರೆ. ಅವರು ಕೀಟಗಳನ್ನು ನೋಡಿದರು, ಬರೆದರು. ಮುಪ್ಪಿನಲ್ಲಿ ಅವರ ಮಗನೇ ಕ್ಯಾಮೆರಾ ಹಿಡಿದು ಅದೇ ಕೀಟಗಳ ಫೋಟೊ ತೆಗೆದ.

ಫಾಬ್ರೆ ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಮನೆಯಲ್ಲಿ ಊಟಕ್ಕೇ ಕಷ್ಟವಿದ್ದುದರಿಂದ ಚಿಕ್ಕ ಮಗುವಾಗಿದ್ದಾಗಲೇ ಅಜ್ಜನ ಮನೆಗೆ ಕಳುಹಿಸಿದರು. ತಂದೆ ಊರಿಂದೂರಿಗೆ ಹೋಗಿ ಕಾಫಿ ಅಂಗಡಿ ಇಟ್ಟರು. ಯಾವ ಊರಿನಲ್ಲೂ ಅದು ನಡೆಯಲಿಲ್ಲ. ಓದು ನಡುನಡುವೆ ನಿಂತುಹೋಯಿತು. ನಮ್ಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸಿನಲ್ಲಿ ಆತ ರೈಲು ಹಳಿ ಹಾಕುವ ಕಡೆ ಕೂಲಿ ಮಾಡಿದ್ದಾನೆ, ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ್ದಾನೆ. ಅವಿನ್ಯೋನ್ ನಗರದ ಶಿಕ್ಷಕರ ತರಬೇತಿ ಶಾಲೆಗೆ ವಿದ್ಯಾರ್ಥಿವೇತನದ ಪರೀಕ್ಷೆ ಇದೆಯೆಂದು ತಿಳಿದು ಕುಳಿತು ಬರೆದ, ಗೆದ್ದ. 1842ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಕಾರ್ಪಾಂತ್ರಾ ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರಾದ. ವರ್ಷಕ್ಕೆ 700 ಫ್ರಾಂಕ್ ಸಂಬಳ.

ಕೀಟಗಳ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಈ ಶಾಲೆಯ ಹುಡುಗರಿಂದ. ಭೂಮಿ ಅಳೆಯುವುದನ್ನು ಕಲಿಸಲು ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಗೂಟ ನೆಡಲು ಕಳುಹಿಸಿದ ಹುಡುಗ ದಾರಿಯಲ್ಲಿ ನಿಂತು ಬಗ್ಗುತ್ತಾನೆ, ಕಲ್ಲೊಂದನ್ನು ಎತ್ತುತ್ತಾನೆ, ಹುಲ್ಲಿನ ಕಡ್ಡಿಯನ್ನು ಬಾಯಿಗಿಟ್ಟುಕೊಳ್ಳುತ್ತಾನೆ. ಮೇಷ್ಟ್ರು ಗದರಲು ಹೋಗಿ ನೋಡಿದರೆ, ಕಲ್ಲಿನ ಮೇಲೆ ಒಂದು ಜಾತಿಯ ಒಂಟಿ ಜೇನು ಮಣ್ಣಿನ ಗೂಡು ಕಟ್ಟಿದೆ. ಅದರೊಳಗಿನ ಜೇನನ್ನು ಹುಡುಗರು ಕಡ್ಡಿಯಲ್ಲಿ ಹೀರುತ್ತಿದ್ದಾರೆ! ಮಕ್ಕಳಿಗೆ ಮೊದಲಿನಿಂದ ಗೊತ್ತಿದ್ದ ಗುಟ್ಟು ಮೇಷ್ಟ್ರಿಗೆ ಹೊಸದು. ಅವರೂ ಕಡ್ಡಿ ಹಿಡಿದು ರುಚಿ ನೋಡಿದರು. ಆ ಜೇನಿನ ಹೆಸರು ತಿಳಿಯಬೇಕೆಂದು ಕೀಟಗಳ ಬಗೆಗಿನ ಪುಸ್ತಕವೊಂದನ್ನು ಕೊಂಡರು. ಅದರ ಬೆಲೆ ಅವರ ಒಂದು ತಿಂಗಳ ಸಂಬಳ. ಆ ತಿಂಗಳು ಮನೆ ಹೇಗೆ ನಡೆಯಿತೋ ಮನೆಯವರಿಗೇ ಗೊತ್ತು.

ಗಣಿತ, ಭೌತಶಾಸ್ತ್ರಗಳ ಪದವಿಗಳನ್ನು ಯಾವ ಕಾಲೇಜಿನಲ್ಲೂ ಕೂರದೆ ಸ್ವಂತ ಓದಿನಿಂದ ಪಡೆದರು. 1849ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಭೌತಶಾಸ್ತ್ರದ ಮೇಷ್ಟ್ರಾಗಿ ಹೋದರು. ಅಲ್ಲಿಗೆ ಬಂದಿದ್ದ ಮೊಕೆನ್ ತಾಂದಾನ್ ಎಂಬ ಹಿರಿಯ ಸಸ್ಯವಿಜ್ಞಾನಿ ಒಂದು ದಿನ ಮನೆಯ ಹೊಲಿಗೆಯ ಸಾಮಾನಿನಿಂದ ಸೂಜಿ ಕತ್ತರಿ ತರಿಸಿ, ನೀರು ತುಂಬಿದ ತಟ್ಟೆಯಲ್ಲಿ ಬಸವನಹುಳುವನ್ನು ಬಿಡಿಸಿ ತೋರಿಸಿದರು. ಲೆಕ್ಕ ಬಿಟ್ಟು ಜೀವಿಗಳ ಕಡೆ ಬಾ ಎಂದು ಬುದ್ಧಿಯನ್ನೂ ಹೇಳಿದರು. ಪ್ರಯೋಗಾಲಯಕ್ಕೆ ದುಡ್ಡಿಲ್ಲದ ಮೇಷ್ಟ್ರಿಗೆ ಹೊಲಿಗೆಯ ಸೂಜಿಯೇ ಸಾಕೆಂಬ ಧೈರ್ಯ ಬಂದದ್ದು ಅಂದೇ ಇರಬೇಕು. ಮುಂದೆಯೂ ಅವರ ಸಲಕರಣೆಗಳು ಅಷ್ಟೇ: ಒಂದು ಭೂತಗನ್ನಡಿ, ಗಾಜಿನ ನಳಿಗೆಗಳು, ಮರಳು ತುಂಬಿದ ಕುಂಡಗಳು, ಅಡುಗೆಮನೆಯಲ್ಲಿ ನೊಣ ಕೂರದಂತೆ ಊಟದ ಮೇಲೆ ಮುಚ್ಚುವಂಥ ತಂತಿಬಲೆಯ ಮುಚ್ಚಳ.

1853ರಲ್ಲಿ ಅವಿನ್ಯೋನ್‌ಗೆ ಬಂದು ನೆಲೆಸಿದ ಮೇಲೆ ಅವರ ಮೊದಲ ದೊಡ್ಡ ಶೋಧ ನಡೆಯಿತು. ಒಂದು ಬಗೆಯ ಕಣಜ ದುಂಬಿಗಳನ್ನು ಹಿಡಿದು ತನ್ನ ಬಿಲದಲ್ಲಿ ತನ್ನ ಮರಿಗಾಗಿ ಇಡುತ್ತದೆ. ಆ ದುಂಬಿಗಳು ವಾರಗಟ್ಟಲೆ ಕೊಳೆಯುವುದಿಲ್ಲ. ಲಿಯಾನ್ ದ್ಯುಫೂರ್ ಎಂಬ ಹೆಸರಾಂತ ವಿಜ್ಞಾನಿ, ಕಣಜವು ಕೊಳೆಯದಂತೆ ತಡೆಯುವ ಯಾವುದೋ ದ್ರವವನ್ನು ಚುಚ್ಚುತ್ತದೆ ಎಂದು ಊಹಿಸಿದ್ದರು. ಫಾಬ್ರೆ ಬಿಲದ ಮುಂದೆ ಕುಳಿತು ಕಾದರು. ಕಣಜ ತಂದ ಬೇಟೆಯನ್ನು ಕಿತ್ತುಕೊಂಡು ಬದಲಿಗೆ ಜೀವಂತ ಸೊಂಡಿಲುಹುಳುವನ್ನು ಕೊಟ್ಟರು. ಕಣಜ ಕಣ್ಣೆದುರೇ ಚುಚ್ಚಿತು. ಕಾಲುಗಳನ್ನು ಆಡಿಸುವ ನರದ ಗಂಟು ಎಲ್ಲಿದೆಯೋ ಸರಿಯಾಗಿ ಅಲ್ಲಿಗೇ. ಹುಳು ಸತ್ತಿರಲಿಲ್ಲ, ಪಾರ್ಶ್ವವಾಯು ಬಡಿದಂತೆ ಬಿದ್ದಿತ್ತು. ಸಾಯದಿದ್ದುದರಿಂದಲೇ ಕೊಳೆಯಲಿಲ್ಲ. 1855ರಲ್ಲಿ ಪ್ರಕಟವಾದ ಈ ಬರಹಕ್ಕೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಬಂತು. ದ್ಯುಫೂರ್ ಕೂಡ ಸಿಟ್ಟಾಗದೆ ಮೆಚ್ಚಿ ಬರೆದರು. ಡಾರ್ವಿನ್ 1859ರ ತಮ್ಮ ಮಹಾಗ್ರಂಥದಲ್ಲಿ ಫಾಬ್ರೆಯ ಹೆಸರು ಹೇಳಿದರು.

ಹೀಗೆ ಕಾಯುವುದನ್ನು ನೋಡಿದ ಊರಿನವರಿಗೆ ಮಾತ್ರ ಅದು ಅರ್ಥವಾಗುತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ತೋಟದ ಕೆಲಸಕ್ಕೆ ಹೊರಟ ಮೂವರು ಹೆಂಗಸರು ದಾರಿಬದಿಯ ಕಲ್ಲಿನ ಮೇಲೆ ಕುಳಿತು ನೆಲ ನೋಡುತ್ತಿದ್ದ ಈ ಮನುಷ್ಯನನ್ನು ಕಂಡರು. ಸಂಜೆ ಹಿಂದಿರುಗುವಾಗಲೂ ಆತ ಅದೇ ಕಲ್ಲಿನ ಮೇಲೆ, ಅದೇ ನೆಲ ನೋಡುತ್ತ ಕೂತಿದ್ದ. ಪಾಪ, ತಲೆ ಸರಿಯಿಲ್ಲದವನೆಂದು ಮರುಗಿ ದೇವರನ್ನು ನೆನೆದು ಮುಂದೆ ಹೋದರು. ಈ ಪ್ರಸಂಗವನ್ನು ಬರೆದಿಟ್ಟವರು ಫಾಬ್ರೆಯೇ.

1865ರಲ್ಲಿ ಲೂಯಿ ಪಾಶ್ಚರ್ ಅವರ ಮನೆ ಬಾಗಿಲಿಗೆ ಬಂದರು. ಫ್ರಾನ್ಸಿನ ರೇಷ್ಮೆಹುಳುಗಳು ರೋಗದಿಂದ ಸಾಯುತ್ತಿದ್ದವು. ಪರಿಹಾರ ಹುಡುಕಲು ಸರ್ಕಾರ ಪಾಶ್ಚರರನ್ನು ಕಳುಹಿಸಿತ್ತು. ಅವರು ಅದುವರೆಗೆ ರೇಷ್ಮೆಗೂಡನ್ನೇ ಕಂಡವರಲ್ಲ. ಫಾಬ್ರೆ ತರಿಸಿಕೊಟ್ಟ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರು. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತರ ಮಕ್ಕಳು ಕೇಳಿದರೆ ನಗುತ್ತಾರೆ. ಆದರೂ ಅದೇ ಪಾಶ್ಚರ್ ಕೆಲವೇ ವರ್ಷಗಳಲ್ಲಿ ಆ ರೋಗವನ್ನು ತಡೆಯುವ ದಾರಿ ಕಂಡುಹಿಡಿದರು. ಏನೂ ಗೊತ್ತಿಲ್ಲದೆ ಹೊಸದಾಗಿ ನೋಡುವುದರಲ್ಲೂ ಲಾಭವಿದೆಯೆಂದು ಫಾಬ್ರೆಗೆ ಅನಿಸಿತು. ಮುಂದೆ ಅವರೂ ಒಂದು ಹುಳುವನ್ನು ಗಮನಿಸುವ ಮೊದಲು ಅದರ ಬಗ್ಗೆ ಪುಸ್ತಕ ಓದುವುದನ್ನು ಕಡಿಮೆ ಮಾಡಿದರು. ಪರೀಕ್ಷೆಗೆ ಓದುವವರು ಇದನ್ನು ನೆಪ ಮಾಡಿಕೊಳ್ಳಬಾರದು!

ಅವರ ಬದುಕಿನ ದೊಡ್ಡ ಪೆಟ್ಟು ಬಂದದ್ದು ಕೀಟಗಳಿಂದಲ್ಲ, ಪಾಠದಿಂದ. ಆಗಿನ ಶಿಕ್ಷಣ ಮಂತ್ರಿ ವಿಕ್ಟರ್ ದ್ಯುರುಯಿ ದೊಡ್ಡವರಿಗೂ ಹುಡುಗಿಯರಿಗೂ ಓದು ಸಿಗಬೇಕೆಂದು ಪಟ್ಟು ಹಿಡಿದಿದ್ದರು. ಅವರಿಗೆ ಫಾಬ್ರೆಯ ಮೇಲೆ ವಿಶ್ವಾಸ. 1868ರಲ್ಲಿ ಪ್ಯಾರಿಸಿಗೆ ಕರೆಸಿ ರಾಷ್ಟ್ರದ ಗೌರವ ಪದಕ ಕೊಡಿಸಿದರು, ಚಕ್ರವರ್ತಿಯನ್ನೂ ಭೇಟಿ ಮಾಡಿಸಿದರು. ಅವಿನ್ಯೋನ್‌ನಲ್ಲಿ ಫಾಬ್ರೆ ಸಂಜೆ ಹೊತ್ತು ಉಚಿತ ವಿಜ್ಞಾನ ಪಾಠ ಶುರುಮಾಡಿದರು. ಯಾರು ಬೇಕಾದರೂ ಬಂದು ಕೂರಬಹುದಿತ್ತು. ಹಳ್ಳಿಯ ಹುಡುಗಿಯರೂ ಬಂದರು. ಗಾಳಿ, ನೀರು, ಸಿಡಿಲು, ಗಿಡ, ಎಲ್ಲವೂ ಪಾಠದಲ್ಲಿತ್ತು. ಹೂವಿನಲ್ಲಿ ಪರಾಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕಾಯಿ ಹೇಗೆ ಕಟ್ಟುತ್ತದೆ ಎಂಬುದೂ ಇತ್ತು. ಇಂದು ಹೈಸ್ಕೂಲಿನ ಪುಸ್ತಕದಲ್ಲಿ ಚಿತ್ರದ ಸಮೇತ ಇರುವ ಪಾಠ ಅದು. ಹೆಣ್ಣುಮಕ್ಕಳ ಮುಂದೆ ಇಂಥ ಮಾತೇ ಎಂದು ಊರಿನ ಕೆಲವರು ಕೂಗೆಬ್ಬಿಸಿದರು. ಚರ್ಚಿನ ಪ್ರವಚನಗಳಲ್ಲಿ ಅವರ ಮೇಲೆ ಟೀಕೆ ನಡೆಯಿತು. ಮನೆಯ ಒಡತಿಯರಾಗಿದ್ದ ಅಕ್ಕತಂಗಿಯರಿಬ್ಬರು, ದೈವಭಕ್ತೆಯರು, ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ ಎಂದು ನೋಟಿಸು ಕೊಟ್ಟರು. ದ್ಯುರುಯಿ ಅಷ್ಟರಲ್ಲಿ ಅಧಿಕಾರ ಕಳೆದುಕೊಂಡಿದ್ದರು. ಬೆನ್ನಿಗೆ ನಿಲ್ಲಲು ಯಾರೂ ಇರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಆಸೆಯೂ ಮುರಿದಿತ್ತು. ಮಂಜಿಷ್ಠದ ಬೇರಿನಿಂದ ಕೆಂಪು ಬಣ್ಣವನ್ನು ಶುದ್ಧವಾಗಿ ತೆಗೆಯುವ ವಿಧಾನಕ್ಕಾಗಿ ಅವರು ವರ್ಷಗಟ್ಟಲೆ ದುಡಿದಿದ್ದರು. ಸಂಬಳಕ್ಕಾಗಿ ಪಾಠ ಮಾಡುವುದನ್ನು ಬಿಟ್ಟು ಕೀಟಗಳ ಜೊತೆ ಇರಲು ಅದೊಂದು ದಾರಿಯಾಗಬಹುದಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞರು ಅದೇ ಬಣ್ಣವನ್ನು ಕೃತಕವಾಗಿ ತಯಾರಿಸಿಬಿಟ್ಟರು. ಮಂಜಿಷ್ಠ ಬೆಳೆಯುತ್ತಿದ್ದ ರೈತರ ಜೊತೆ ಫಾಬ್ರೆಯೂ ಕೈಸುಟ್ಟುಕೊಂಡರು.

ಕೈಯಲ್ಲಿ ಕಾಸಿಲ್ಲ, ಮನೆ ತುಂಬ ಮಕ್ಕಳು. ಆಗ ಅವಿನ್ಯೋನ್‌ನಲ್ಲಿ ಮನೆ ಮಾಡಿಕೊಂಡಿದ್ದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರಿಗೆ ಗೆಳೆಯರಾಗಿದ್ದರು. ಇಬ್ಬರೂ ಗಿಡ ಹುಡುಕುತ್ತ ಗುಡ್ಡ ಸುತ್ತಿದವರು. ಫಾಬ್ರೆ ಕೇಳಿದ ಕೂಡಲೇ ಮಿಲ್ 3000 ಫ್ರಾಂಕ್ ಕಳುಹಿಸಿದರು. ಪತ್ರವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯ ಮಾತೂ ಇಲ್ಲ. ಫಾಬ್ರೆ ಸಂಸಾರ ಕಟ್ಟಿಕೊಂಡು ಆರಾಂಜ್ ಪಟ್ಟಣಕ್ಕೆ ಹೊರಟರು, ಸರ್ಕಾರಿ ಕೆಲಸವನ್ನೂ ಬಿಟ್ಟರು. ಅಲ್ಲಿ ಕುಳಿತು ಶಾಲಾಮಕ್ಕಳಿಗೆ ವಿಜ್ಞಾನದ ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಬರೆದರು. ಮಿಲ್‌ರ ಸಾಲವನ್ನು ಪೂರ್ತಿ ತೀರಿಸಿದ್ದು ಆ ಪುಸ್ತಕಗಳ ಹಣದಿಂದಲೇ.

ಆರಾಂಜ್‌ನಲ್ಲಿ 1877ರಲ್ಲಿ ಮಗ ಜೂಲ್ ತೀರಿಕೊಂಡ. ಹದಿನಾರರ ಆಸುಪಾಸಿನ ಹುಡುಗ, ಹೂವು ಕೀಟಗಳಲ್ಲಿ ತಂದೆಯಷ್ಟೇ ಆಸಕ್ತಿಯಿದ್ದವನು. ತಾವು ಹೊಸದಾಗಿ ಗುರುತಿಸಿದ ಕಣಜಗಳಿಗೆ ಫಾಬ್ರೆ ಅವನ ಹೆಸರನ್ನೇ ಇಟ್ಟರು. ಎರಡು ವರ್ಷದ ಬಳಿಕ ಮನೆಯೊಡೆಯ ಮುಂದಿನ ಸಾಲುಮರಗಳಿಗೆ ಕೊಡಲಿ ಹಾಕಿದಾಗ ಆ ಮನೆಯೂ ಬೇಡವೆನಿಸಿತು.

ಹೀಗೆ 1879ರಲ್ಲಿ, ಐವತ್ತೈದು ದಾಟಿದ ಮೇಲೆ, ಅವರಿಗೆ ಸ್ವಂತದ ನೆಲ ಸಿಕ್ಕಿತು. ಸೆರಿನ್ಯಾನ್ ಹಳ್ಳಿಯ ಅಂಚಿನಲ್ಲಿ ಸುಮಾರು ಎರಡೂವರೆ ಎಕರೆ. ಕಲ್ಲು, ಮುಳ್ಳು, ಬಿಸಿಲು. ಬೆಳೆ ಬಾರದೆ ಬೀಳು ಬಿಟ್ಟ ಇಂಥ ಭೂಮಿಗೆ ಅಲ್ಲಿಯ ಆಡುಮಾತಿನಲ್ಲಿ ಆರ್ಮಾಸ್ ಎನ್ನುತ್ತಾರೆ. ಆ ಹೆಸರೇ ಮನೆಗೆ ನಿಂತಿತು. ರೈತನಿಗೆ ಬೇಡವಾದ ಆ ಮುಳ್ಳುಗಿಡಗಳ ಹೂವಿಗೆ ನೂರಾರು ಬಗೆಯ ಜೇನು, ಕಣಜಗಳು ಮುತ್ತುತ್ತಿದ್ದವು. ಸುತ್ತ ಗೋಡೆ ಇದ್ದುದರಿಂದ ದಾರಿಹೋಕರ ಕಾಟವಿಲ್ಲದೆ ನೆಲದ ಮೇಲೆ ಮಲಗಿ ನೋಡಬಹುದಿತ್ತು. ಸಾಯುವವರೆಗೆ ಮೂವತ್ತಾರು ವರ್ಷ ಅವರ ಪ್ರಪಂಚ ಇಷ್ಟೇ. ಕೀಟಗಳ ನೆನಪುಗಳೆಂಬ ಅರ್ಥದ ಹೆಸರಿನ ಅವರ ಕೃತಿ 1879ರಿಂದ 1907ರವರೆಗೆ ಹತ್ತು ಸಂಪುಟಗಳಲ್ಲಿ ಬಂತು. ಬರೆದದ್ದು ಒಂದು ಸಣ್ಣ ಮೇಜಿನ ಮೇಲೆ. ಶಾಲೆಯ ಮಗುವಿನ ಡೆಸ್ಕಿಗಿಂತ ಅದು ದೊಡ್ಡದೇನಲ್ಲ.

ಆ ತೋಟದ ಪ್ರಯೋಗಗಳಲ್ಲಿ ಒಂದೆರಡನ್ನಾದರೂ ಹೇಳಬೇಕು. ಪೈನ್ ಮರದ ಕಂಬಳಿಹುಳುಗಳು ಒಂದರ ಬಾಲಕ್ಕೆ ಇನ್ನೊಂದು ತಲೆ ತಾಗಿಸಿ ಸಾಲಾಗಿ ಹೋಗುತ್ತವೆ. ಮುಂದಿನದು ಬಿಟ್ಟ ರೇಷ್ಮೆ ಎಳೆಯೇ ಹಿಂದಿನದಕ್ಕೆ ದಾರಿ. 1896ರ ಜನವರಿ ಕೊನೆಗೆ ಒಂದು ಸಾಲು ದೊಡ್ಡ ಕುಂಡದ ಅಂಚಿಗೆ ಹತ್ತಿತು. ಸಾಲಿನ ತಲೆ ಬಾಲವನ್ನು ಕೂಡಿ ಉಂಗುರವಾಗುತ್ತಿದ್ದಂತೆ ಫಾಬ್ರೆ ಉಳಿದ ಹುಳುಗಳನ್ನು ಸರಿಸಿ, ಕೆಳಗಿನ ಎಳೆಗಳನ್ನು ಒರೆಸಿಬಿಟ್ಟರು. ಈಗ ಮುಂದಾಳೇ ಇಲ್ಲ. ಹುಳುಗಳು ಸುತ್ತತೊಡಗಿದವು. ಆಹಾರ ಹತ್ತಿರದಲ್ಲೇ ಇತ್ತು. ಚಳಿಯ ರಾತ್ರಿಯಲ್ಲಿ ಮುದುಡಿಕೊಂಡು ನಿಂತು ಬೆಳಗ್ಗೆ ಮತ್ತೆ ಸುತ್ತಿದವು. ಏಳು ದಿನ, ಮುನ್ನೂರಕ್ಕೂ ಹೆಚ್ಚು ಸುತ್ತು. ದಣಿದು ಸಾಲು ಅಲ್ಲಲ್ಲಿ ಮುರಿದಾಗ ದಾರಿ ತಪ್ಪಿದ ಕೆಲವು ಹುಳುಗಳಿಂದಲೇ ಎಂಟನೆಯ ದಿನ ಎಲ್ಲವೂ ಕೆಳಗಿಳಿದವು.

ಇನ್ನೊಂದು ಪ್ರಸಂಗ ಮೇ ತಿಂಗಳ ರಾತ್ರಿಯದು. ಬೆಳಗ್ಗೆ ಪ್ರಯೋಗದ ಕೋಣೆಯಲ್ಲಿ ನವಿಲುಕಣ್ಣಿನ ದೊಡ್ಡ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂದಿತ್ತು. ಫಾಬ್ರೆ ಅದನ್ನು ತಂತಿಬಲೆಯಲ್ಲಿ ಮುಚ್ಚಿಟ್ಟು ಮರೆತರು. ರಾತ್ರಿ ಮಲಗುವ ಹೊತ್ತಿಗೆ ಕಿರಿಯ ಮಗ ಪಾಲ್ ಅರ್ಧ ಬಟ್ಟೆ ಬಿಚ್ಚಿದ ಸ್ಥಿತಿಯಲ್ಲೇ ಕುಣಿದಾಡುತ್ತ, ಕುರ್ಚಿ ಉರುಳಿಸುತ್ತ ಕೂಗತೊಡಗಿದ. ಕೋಣೆ ತುಂಬ ಹಕ್ಕಿಯಷ್ಟು ದೊಡ್ಡ ಪತಂಗಗಳು! ತಂದೆಮಗ ಮೋಂಬತ್ತಿ ಹಿಡಿದು ಆ ಕೋಣೆಗೆ ಹೋದರು. ಸುಮಾರು ನಲವತ್ತು ಗಂಡು ಪತಂಗಗಳು ಕತ್ತಲಲ್ಲಿ ದೂರದಿಂದ ಬಂದು ಆ ಬಲೆಯ ಸುತ್ತ ಹಾರುತ್ತಿದ್ದವು. ಮುಂದಿನ ವರ್ಷಗಳಲ್ಲಿ ಫಾಬ್ರೆ ಬಗೆಬಗೆಯಾಗಿ ಪರೀಕ್ಷಿಸಿದರು. ಹೆಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಯಾವ ಗಂಡೂ ಬರುತ್ತಿರಲಿಲ್ಲ. ಮನುಷ್ಯನ ಮೂಗಿಗೆ ಹತ್ತದ ಯಾವುದೋ ಕಂಪು ಇದೆ ಎಂಬಲ್ಲಿಗೆ ಅವರು ತಲುಪಿದರು. 1959ರಲ್ಲಿ ಜರ್ಮನಿಯ ಬುಟೆನಾಂಟ್ ರೇಷ್ಮೆ ಪತಂಗದಿಂದ ಅಂಥ ರಾಸಾಯನಿಕವನ್ನು ಬೇರ್ಪಡಿಸಿದರು. ಪಿಯುಸಿಯವರಿಗೆ ಫೆರೋಮೋನ್ ಎಂಬ ಹೆಸರು ಗೊತ್ತಿದೆ.

ಅವರು ಹೇಳಿದ್ದೆಲ್ಲ ಸರಿಯೆಂದಲ್ಲ. ಜೀರುಂಡೆಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಹಳ್ಳಿಯ ಹಬ್ಬದ ಕದಿನಿಗಳನ್ನು ತರಿಸಿ ಮರದ ಕೆಳಗೆ ಹೊಡೆಸಿದರು. ಮೇಲೆ ಜೀರುಂಡೆಗಳು ಕೂಗುವುದನ್ನು ನಿಲ್ಲಿಸಲೇ ಇಲ್ಲ. ಹಾಗಾಗಿ ಅವು ಕಿವುಡು ಎಂದುಕೊಂಡರು. ಅವುಗಳಿಗೆ ಹೊಟ್ಟೆಯ ಭಾಗದಲ್ಲಿ ಕಿವಿಯಿದೆ, ತಮ್ಮ ಜಾತಿಯ ಕೂಗನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ ಎಂದು ಆಮೇಲೆ ಗೊತ್ತಾಯಿತು. ಡಾರ್ವಿನ್ ಜೊತೆ ಪತ್ರವ್ಯವಹಾರವಿತ್ತು. ಡಾರ್ವಿನ್ ಸೂಚಿಸಿದಂತೆ ಜೇನುಗಳಿಗೆ ಗುರುತು ಹಚ್ಚಿ, ಡಬ್ಬಿಯಲ್ಲಿ ಹಾಕಿ ಗರಗರ ತಿರುಗಿಸಿ ದೂರ ಬಿಟ್ಟು, ಮನೆಗೆ ದಾರಿ ಹುಡುಕುತ್ತವೆಯೇ ಎಂದು ನೋಡಿದರು. ಹಲವು ಜೇನುಗಳು ಹಿಂತಿರುಗಿದವು. ಆದರೆ ಡಾರ್ವಿನ್ನರ ವಿಕಾಸವಾದವನ್ನು ಫಾಬ್ರೆ ಕೊನೆಯವರೆಗೂ ಒಪ್ಪಲಿಲ್ಲ. ಆ ಕಣಜದ ಚುಚ್ಚು ಅಷ್ಟು ಕರಾರುವಾಕ್ಕಾಗಿರುವುದು ಸೃಷ್ಟಿಕರ್ತನಿಲ್ಲದೆ ಆಗದೆಂಬುದು ಅವರ ನಂಬಿಕೆ. ಜೇನ್ನೊಣ, ಇರುವೆ, ಜೇಡಗಳ ಹೆಸರಿನಲ್ಲಿ ಅಧ್ಯಾಯಗಳಿರುವ ಗ್ರಂಥವನ್ನು ಓದುವ ನಮಗೆ ಆ ಬೆರಗು ಅಪರಿಚಿತವಲ್ಲ. ಕಣಜ ಯಾವಾಗಲೂ ಅಷ್ಟು ಕರಾರುವಾಕ್ಕಾಗಿ ಚುಚ್ಚುವುದಿಲ್ಲವೆಂದು ಮುಂದಿನ ವಿಜ್ಞಾನಿಗಳು ತೋರಿಸಿದರು ಎಂಬುದನ್ನೂ ಜೊತೆಗೆ ಹೇಳಬೇಕು. ಇಬ್ಬರು ದೊಡ್ಡವರು ಒಪ್ಪದೆಯೂ ಒಬ್ಬರ ಪ್ರಯೋಗಕ್ಕೆ ಇನ್ನೊಬ್ಬರು ಉಪಾಯ ಹೇಳಿಕೊಟ್ಟದ್ದು ನನಗೆ ಇಷ್ಟವಾದ ಸಂಗತಿ.

ಕ್ಯಾಮೆರಾ ಆ ತೋಟಕ್ಕೆ ಬಂದದ್ದು ಬಹಳ ತಡವಾಗಿ. ಪತಂಗಗಳನ್ನು ಕಂಡು ಕುಣಿದಿದ್ದ ಪಾಲ್ ದೊಡ್ಡವನಾಗಿದ್ದ. ತಂದೆ ಹೇಳಿಕೊಟ್ಟ ಹುಳುಗಳ, ಗೂಡುಗಳ, ಬಿಲಗಳ ಫೋಟೊಗಳನ್ನು ಅವನು ಒಂದೊಂದಾಗಿ ತೆಗೆದ. ಆ ಸಂಪುಟಗಳ ಹೊಸ ಸಚಿತ್ರ ಆವೃತ್ತಿಗೆ ಅವೇ ಚಿತ್ರಗಳಾದವು. ಆ ಕಾಲದಲ್ಲಿ ಇದು ಎಷ್ಟು ಕಷ್ಟವೆಂದು ಯೋಚಿಸಿ. ಲೆನ್ಸನ್ನು ಹುಳುವಿನ ಹತ್ತಿರ ತರಬೇಕಾದರೆ ಲೆನ್ಸಿಗೂ ಒಳಗಿನ ಪ್ಲೇಟಿಗೂ ನಡುವಿನ ಅಂತರ ಹೆಚ್ಚಿಸಬೇಕು. ಅಂತರ ಹೆಚ್ಚಿದಷ್ಟೂ ಪ್ಲೇಟನ್ನು ಮುಟ್ಟುವ ಬೆಳಕು ಕಡಿಮೆ. ನಿಜಗಾತ್ರದ ಚಿತ್ರಕ್ಕೆ ಮಾಮೂಲಿಗಿಂತ ನಾಲ್ಕು ಪಟ್ಟು ಹೊತ್ತು ಬೆಳಕು ಬೀಳಬೇಕಾಗುತ್ತದೆ. ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರು. ಅದನ್ನು ಹೆಚ್ಚಿಸಲು ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಬೆಳಕು ಇನ್ನೂ ಕಡಿಮೆ. ಅಷ್ಟು ಹೊತ್ತು ಹುಳು ಅಲ್ಲಾಡಬಾರದು, ಗಾಳಿ ಬೀಸಬಾರದು. ನಮ್ಮ ಮೊಬೈಲಿನಂತೆ ಇಪ್ಪತ್ತು ತೆಗೆದು ಹತ್ತೊಂಬತ್ತನ್ನು ಅಳಿಸುವ ಸೌಕರ್ಯ ಅವರಿಗಿರಲಿಲ್ಲ. ಸಗಣಿಹುಳು ತನ್ನ ಉಂಡೆಯೊಡನೆ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಮೊದಲೇ ಗೊತ್ತಿದ್ದ ಮನೆಯವರಿಗೆ ಮಾತ್ರ ಅಂಥ ಚಿತ್ರಗಳು ದಕ್ಕುತ್ತವೆ. ಆ ಕಪ್ಪು ಬಿಳುಪು ಫೋಟೊಗಳಲ್ಲಿ ನಮ್ಮ ಕಾಲದ ಹೊಳಪಿಲ್ಲ, ಕಣ್ಣಿನ ಪದರಗಳೂ ಕಾಣುವುದಿಲ್ಲ. ಹುಳು ಏನು ಮಾಡುತ್ತಿದೆ ಎಂಬುದು ಮಾತ್ರ ನೋಡಿದ ಕೂಡಲೇ ತಿಳಿಯುತ್ತದೆ.

ಹೆಸರು ಅವರಿಗೆ ಬಂದದ್ದೂ ತಡವಾಗಿಯೇ. ಶಾಲಾಪುಸ್ತಕಗಳ ಮಾರಾಟ ಇಳಿದುಹೋಗಿ ಮುಪ್ಪಿನಲ್ಲಿ ಮತ್ತೆ ಬಡತನ ಬಂದಿತ್ತು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಎರಡನೆಯ ಮದುವೆಯಾಗಿದ್ದರು, ಅದರಿಂದ ಮೂವರು ಮಕ್ಕಳು. 1910ರ ಏಪ್ರಿಲ್‌ನಲ್ಲಿ ಗೆಳೆಯರು, ಅಭಿಮಾನಿಗಳು ಸೆರಿನ್ಯಾನ್‌ಗೆ ಬಂದು ಸನ್ಮಾನ ಮಾಡಿದರು. ಆಗ ಅವರಿಗೆ 86 ವರ್ಷ. ಆಮೇಲೆ ಪತ್ರಿಕೆಗಳಲ್ಲಿ ಹೆಸರು ಬಂತು, ಪುಸ್ತಕಗಳು ಮಾರಿದವು. 1913ರಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಪ್ವಾಂಕಾರೆ ಆ ಕಲ್ಲುತೋಟದ ಬಾಗಿಲಿಗೇ ಬಂದು ಗೌರವ ಸಲ್ಲಿಸಿದರು. ಅಷ್ಟರಲ್ಲಿ ನಡೆಯಲು ಕಾಲಿಗೆ ಶಕ್ತಿಯಿರಲಿಲ್ಲ, ಕಣ್ಣೂ ಮಂದವಾಗಿತ್ತು. 1915ರ ಅಕ್ಟೋಬರ್ 11ರಂದು ತೀರಿಕೊಂಡರು.

ಅವರ ಪುಸ್ತಕಗಳು ಜಪಾನಿನಲ್ಲಿ ಫ್ರಾನ್ಸಿಗಿಂತಲೂ ಹೆಚ್ಚು ಜನಪ್ರಿಯ. ಅಲ್ಲಿನ ಶಾಲಾಮಕ್ಕಳಿಗೆ ಫಾಬ್ರೆ ಎಂದರೆ ಯಾರೆಂದು ಹೇಳಬೇಕಿಲ್ಲ. ಆರ್ಮಾಸ್ ಈಗ ಫ್ರಾನ್ಸಿನ ರಾಷ್ಟ್ರೀಯ ಪ್ರಕೃತಿ ಸಂಗ್ರಹಾಲಯಕ್ಕೆ ಸೇರಿದ ಮ್ಯೂಸಿಯಂ. ಅವರು ಕೈಯಾರೆ ಬಿಡಿಸಿದ ಅಣಬೆಗಳ ನೂರಾರು ಬಣ್ಣದ ಚಿತ್ರಗಳು, ಒಣಗಿಸಿಟ್ಟ ಗಿಡಗಳು, ಆ ಪುಟ್ಟ ಮೇಜು ಅಲ್ಲಿವೆ. ಹೊರಗೆ ತೋಟದಲ್ಲಿ ಬೇಸಿಗೆ ಬಂತೆಂದರೆ ಜೀರುಂಡೆಗಳು ಕೂಗುತ್ತವೆ.